ಕರಿಬೇವು ಹಳದಿ, ಬಕೆಟ್ ಬಿಳಿ: ಎರಡೂ ಒಂದೇ ನೀರಿನ ಕೆಲಸ

ಬೋರ್‌ವೆಲ್ ನೀರಿನ ಬಡಾವಣೆಯಲ್ಲಿ ನಾಲ್ಕು ಜನ ಗೆಳತಿಯರು ಸಂಜೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಮೂರು ಕಡೆ ಹೋಗುತ್ತದೆ. ಮನೆಗೆಲಸ, ಗಿಡ, ಮಕ್ಕಳ ಓದು.

"ಸ್ಟೀಲ್ ಬಕೆಟ್ ಎಷ್ಟು ಉಜ್ಜಿದರೂ ಬೆಳ್ಳಗೇ ಇರುತ್ತೆ ಕಣೇ. ಕೈ ಬಿದ್ದುಹೋಯ್ತು."

"ಅದು ಬಿಡು, ನನ್ನ ಕರಿಬೇವು ನೋಡು. ಚಿಗುರೆಲ್ಲ ಹಳದಿ. ಮಜ್ಜಿಗೆ ಹಾಕಿದೆ, ತುಕ್ಕು ಮೊಳೆ ಹೂತೆ, ಏನೂ ಆಗಲಿಲ್ಲ. ಯಾರ ಕಣ್ಣು ಬಿತ್ತೋ."

"ನಮ್ಮವಳಿಗೆ ನಾಳೆ ಕೆಮಿಸ್ಟ್ರಿ ಟೆಸ್ಟು. ತಾತ್ಕಾಲಿಕ ಗಡಸುತನ, ಶಾಶ್ವತ ಗಡಸುತನ ಅಂತ ಬೆಳಗ್ಗೆಯಿಂದ ಬಾಯಿಪಾಠ ಹೊಡೀತಾ ಇದಾಳೆ. ತಲೆಗೆ ಹೋಗ್ತಿಲ್ಲ."

ಬೆಂಗಳೂರಿನ ಯಾವ ಟೆರೇಸಿನಲ್ಲಾದರೂ ಕೇಳಬಹುದಾದ ಮಾತು. ನನಗೆ ಇದರಲ್ಲಿ ಖುಷಿ ಕೊಡುವುದು ಏನೆಂದರೆ, ಮೂವರೂ ಮಾತಾಡುತ್ತಿರುವುದು ಒಂದೇ ವಸ್ತುವಿನ ಬಗ್ಗೆ. ಅದರ ಹೆಸರು ಕ್ಯಾಲ್ಸಿಯಂ ಬೈಕಾರ್ಬೊನೇಟ್.

ಇದೊಂದು ವಿಚಿತ್ರ ವಸ್ತು. ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಡೋಣ ಅಂದರೆ ಆಗುವುದಿಲ್ಲ. ನೀರಿನಲ್ಲಿ ಕರಗಿರುವಷ್ಟು ಹೊತ್ತು ಮಾತ್ರ ಅದು ಇರುತ್ತದೆ. ನೀರು ಒಣಗಿಸಿದರೆ ತಳದಲ್ಲಿ ಸಿಗುವುದು ಬೇರೆಯೇ: ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲು, ಮೊಟ್ಟೆಯ ಚಿಪ್ಪು ಎಲ್ಲ ಅದೇ. ಈ ಕಾರ್ಬೊನೇಟು ಶುದ್ಧ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ, ಲೀಟರಿಗೆ ಹತ್ತು ಹದಿನೈದು ಮಿಲಿಗ್ರಾಂ. ಅದೇ ನೀರಿಗೆ ಇಂಗಾಲದ ಡೈಆಕ್ಸೈಡ್ ಸೇರಿದರೆ ಕಥೆಯೇ ಬೇರೆ. ಆ ಅನಿಲ ಕ್ಯಾಲ್ಸಿಯಂಗೆ ಜಾಮೀನು ನಿಂತ ಹಾಗೆ. ಅದು ನೀರಿನಲ್ಲಿ ಇರುವವರೆಗೆ ಕ್ಯಾಲ್ಸಿಯಂ ಯಾರ ಕಣ್ಣಿಗೂ ಬೀಳದೆ ಆರಾಮಾಗಿ ಓಡಾಡಿಕೊಂಡಿರುತ್ತದೆ. ಜಾಮೀನುದಾರ ಎದ್ದುಹೋದ ಕೂಡಲೇ ಕ್ಯಾಲ್ಸಿಯಂ ಇದ್ದಲ್ಲೇ ಸಿಕ್ಕಿಬೀಳುತ್ತದೆ, ಬಿಳಿ ಪುಡಿಯಾಗಿ. ನೀರು ಕಾಸಿದರೆ ಅನಿಲ ಹೋಗುತ್ತದೆ. ಬಕೆಟ್ಟಿನ ಮೇಲಿನ ಹನಿ ಒಣಗಿದರೂ ಹೋಗುತ್ತದೆ. ಗೀಸರಿನ ಕಾಯಿಲ್ ಮೇಲಿನ ಪೊರೆ, ನಲ್ಲಿಯ ಬಾಯಿಯ ಗಂಟು, ಶವರಿನ ಕಟ್ಟಿದ ತೂತು ಎಲ್ಲ ಇದೇ ಪ್ರಕರಣ. ಕರಗಿದ ಕ್ಯಾಲ್ಸಿಯಂ ಸೋಪಿಗೆ ನೊರೆ ಬರಗೊಡುವುದಿಲ್ಲ, ಅಂಥ ನೀರನ್ನೇ ಗಡಸು ನೀರು ಅನ್ನುವುದು. ಕಾಸಿದರೆ ಹೋಗುವ ಗಡಸುತನ ತಾತ್ಕಾಲಿಕ, ಕಾಸಿದರೂ ಉಳಿಯುವುದು ಶಾಶ್ವತ.

ಇದನ್ನು ಮೊದಲು ಸರಿಯಾಗಿ ಬಿಡಿಸಿದವನು ಹೆನ್ರಿ ಕ್ಯಾವೆಂಡಿಷ್. ಹೈಡ್ರೋಜನ್ ಖ್ಯಾತಿಯ ಅದೇ ಕ್ಯಾವೆಂಡಿಷ್. ಮಹಾ ನಾಚಿಕೆಯ ಮನುಷ್ಯ, ಮನೆ ಕೆಲಸದವರ ಜೊತೆಗೂ ಚೀಟಿಯಲ್ಲಿ ಮಾತಾಡುತ್ತಿದ್ದನಂತೆ. ಲಂಡನ್ನಿನ ರ‍್ಯಾತ್‌ಬೋನ್ ಪ್ಲೇಸ್ ಅನ್ನುವ ಬೀದಿಯಲ್ಲಿ ಒಂದು ಪಂಪಿತ್ತು. ಅದರ ನೀರು ಕಾಸಿದರೆ ಪಾತ್ರೆಗೆ ದಪ್ಪ ಪೊರೆ ಹಿಡಿಯುತ್ತಿತ್ತು. ಕಾಸಿದರೆ ಬರುವ ಪುಡಿ ಕಾಸುವ ಮೊದಲು ಎಲ್ಲಿತ್ತು ಅನ್ನುವುದು ಅವನ ಪ್ರಶ್ನೆ. ಆ ಅನಿಲವೇ ಅದನ್ನು ಹಿಡಿದಿಟ್ಟಿತ್ತು ಅಂತ 1767ರಲ್ಲಿ ಪ್ರಕಟಿಸಿದ. ಹೈಸ್ಕೂಲಿನ ಮಕ್ಕಳು ಇಂದು ಬಾಯಿಪಾಠ ಮಾಡುವ ಸಮೀಕರಣ ಹುಟ್ಟಿದ್ದು ಹೀಗೆ, ಒಂದು ಬೀದಿ ಪಂಪಿನ ನೀರಿನಿಂದ. ಪುಸ್ತಕದಲ್ಲಿ ಆ ಪಂಪೂ ಇಲ್ಲ, ಪೊರೆಯೂ ಇಲ್ಲ. ಬಾಣದ ಗುರುತು ಮಾತ್ರ ಇದೆ. ಮತ್ತೆ ತಲೆಗೆ ಹೋಗಬೇಕು ಅಂದರೆ ಹೇಗೆ?

ಬೆಂಗಳೂರಿನ ಕೆಳಗೆ ಸುಣ್ಣಕಲ್ಲೇ ಇಲ್ಲವಲ್ಲ ಅಂತ ಕೇಳಬಹುದು. ನಿಜ. ಇಲ್ಲಿರುವುದು ಲಾಲ್‌ಬಾಗ್ ಗುಡ್ಡದಲ್ಲಿ ಕಾಣುವ ಬಂಡೆ, ಸುಮಾರು 300 ಕೋಟಿ ವರ್ಷ ಹಳೆಯದು. ಅದರೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜದಲ್ಲಿ ಕ್ಯಾಲ್ಸಿಯಂ ಇದೆ. ಮಳೆ ನೀರು ಮಣ್ಣಿಗೆ ಇಳಿಯುವಾಗ ಬೇರುಗಳು, ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಹುಳಿಯಾಗುತ್ತದೆ. ಆ ಹುಳಿ ಬಂಡೆಯನ್ನು ನಿಧಾನಕ್ಕೆ ತಿನ್ನುತ್ತದೆ. ಬಿರುಕುಗಳಲ್ಲಿ ನೀರು ಜಾಸ್ತಿ ಕಾಲ ನಿಂತಷ್ಟೂ ಜಾಸ್ತಿ ಕ್ಯಾಲ್ಸಿಯಂ. 1974ರಲ್ಲಿ ಊರಿಗೆ ಬಂದ ಕಾವೇರಿ ನೀರು ಹೊಳೆಯ ನೀರು, ಅದಕ್ಕೆ ಮೆದು. ಒಂದೇ ಊರಿನ ಎರಡು ಬಡಾವಣೆಗಳಲ್ಲಿ ಸೋಪಿನ ನೊರೆ ಬೇರೆ ಬೇರೆ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಬಕೆಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಉಜ್ಜುವುದು ವ್ಯರ್ಥ. ಕಾರ್ಬೊನೇಟನ್ನು ಕರಗಿಸಲು ಆಮ್ಲ ಬೇಕು. ದೀಪಾಲೆ ಕಂಬ ಬೆಳಗುವ ಹುಣಸೆಹಣ್ಣು ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಹಿತ್ತಾಳೆಯ ಮೇಲಿನ ಕಪ್ಪು ತೆಗೆಯಲು ಅದು ಸೊಗಸು. ಆದರೆ ಅದರ ಟಾರ್ಟಾರಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿದರೆ ಸರಿಯಾಗಿ ಕರಗದ ಇನ್ನೊಂದು ಪುಡಿಯಾಗುತ್ತದೆ. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆಮ್ಲ ಸಾಕು. ಬಿಸಿ ನೀರಿಗೆ ಒಂದು ಚಮಚ ಹಾಕಿ ಅರ್ಧ ಗಂಟೆ ಬಿಡಿ. ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ. ಬಂಡೆಯ ಬಿರುಕಿನವರೆಗೆ ಇಳಿದಿದ್ದ ಅನಿಲ ನಿಮ್ಮ ಬಚ್ಚಲಿನಲ್ಲಿ ಹೊರಬರುತ್ತಿದೆ. ಕಡಪ ಕಲ್ಲಿನ ಕಟ್ಟೆಯ ಮೇಲೆ ಮಾತ್ರ ಈ ನೀರು ಚೆಲ್ಲಬೇಡಿ. ಕಡಪ ಕಲ್ಲೂ ಸುಣ್ಣಕಲ್ಲೇ. ಹೆಚ್ಚಿದ ನಿಂಬೆಹಣ್ಣು ಮಗುಚಿಟ್ಟ ಜಾಗದಲ್ಲಿ ದುಂಡಗೆ ಹೊಳಪು ಹೋಗಿರುತ್ತದೆ, ನೋಡಿ.

ಇನ್ನು ಬೇಳೆ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯಲು ಸತಾಯಿಸುತ್ತದೆ. ಬೇಳೆಯ ಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಕ್ಯಾಲ್ಸಿಯಂ ಸಿಕ್ಕರೆ ಇನ್ನೂ ಗಟ್ಟಿಯಾಗುತ್ತದೆ. ಚಿಟಿಕೆ ಸೋಡಾ ಹಾಕಿದರೆ ಪೆಕ್ಟಿನ್ ಸಡಿಲವಾಗುತ್ತದೆ. 'ಇಲ್ಲಿ ನಿನ್ನ ಬೇಳೆ ಬೇಯಲ್ಲ' ಅಂತ ಮೊದಲು ಹೇಳಿದವರ ಮನೆಯಲ್ಲೂ ಬಾವಿ ನೀರು ಗಡಸಾಗಿದ್ದಿರಬಹುದು.

ಈಗ ಕರಿಬೇವು. ನನಗೆ ಬರೆಯಬೇಕು ಅನ್ನಿಸಿದ್ದೇ ಇದರಿಂದ.

ಆ ಹಳದಿ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನರಗಳು ಹಸಿರಾಗೇ ಇವೆ. ನರಗಳ ನಡುವಿನ ಜಾಗ ಮಾತ್ರ ಹಳದಿ, ಹೆಚ್ಚಾದರೆ ಬಿಳುಪು. ಇನ್ನೊಂದು ನೋಡಿ: ಮೊದಲು ಹಳದಿಯಾಗಿದ್ದು ತುದಿಯ ಚಿಗುರೋ, ಬುಡದ ಹಳೇ ಎಲೆಯೋ? ಸಾರಜನಕ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಕೊಡುತ್ತದೆ, ಆಗ ಬುಡ ಹಳದಿ. ಕಬ್ಬಿಣವನ್ನು ಹಾಗೆ ಕಿತ್ತು ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಆದ್ದರಿಂದ ಚಿಗುರು ಹಳದಿ, ಹಳೆಯದು ಹಸಿರು ಅಂದರೆ ಕಬ್ಬಿಣದ ಕೊರತೆಯ ಮೇಲೆಯೇ ಮೊದಲ ಅನುಮಾನ. ಎಲೆಯ ಹಸಿರಿನೊಳಗೆ ಕಬ್ಬಿಣ ಇಲ್ಲ, ಅಲ್ಲಿರುವುದು ಮೆಗ್ನೀಷಿಯಂ. ಆದರೆ ಆ ಹಸಿರನ್ನು ತಯಾರಿಸಲು ಕಬ್ಬಿಣ ಬೇಕೇಬೇಕು. 1840ರ ದಶಕದಲ್ಲೇ ಯೂಸೆಬ್ ಗ್ರಿಸ್ ಎಂಬ ಫ್ರೆಂಚ್ ವಿಜ್ಞಾನಿ ಹಳದಿ ಎಲೆಗಳಿಗೆ ಕಬ್ಬಿಣದ ಲವಣ ಹಚ್ಚಿ ಹಸಿರು ಬರಿಸಿ ತೋರಿಸಿದ್ದ.

ಹಾಗಾದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೇ? ಕುಂಡದಲ್ಲಿರುವುದು ಕೆಂಪು ಮಣ್ಣು. ಆ ಕೆಂಪೇ ಕಬ್ಬಿಣ! ತುಕ್ಕಿನ ಸಂಬಂಧಿಯನ್ನು ತುಂಬಿಕೊಂಡ ಕುಂಡದಲ್ಲಿ ಕೂತು ಗಿಡ ಕಬ್ಬಿಣ ಇಲ್ಲದೆ ಸೊರಗುತ್ತಿದೆ. ಅಂಥ ಕುಂಡಕ್ಕೆ ಇನ್ನೊಂದು ತುಕ್ಕು ಮೊಳೆ ಹೂತರೆ ಏನು ಬಂತು?

ತುಕ್ಕು ನೀರಿನಲ್ಲಿ ಕರಗುವುದಿಲ್ಲ. ಕರಗದ್ದನ್ನು ಬೇರು ಹೀರುವುದಿಲ್ಲ. ಹುಳಿ ಎಷ್ಟಿದೆ ಅಂತ ಹೇಳುವ ಅಳತೆ ಪಿಎಚ್, ಹುಳಿ ಕಡಿಮೆಯಾದಷ್ಟೂ ಅದು ಏರುತ್ತದೆ. ಮಣ್ಣಿನ ಪಿಎಚ್ ಒಂದು ಅಂಕ ಏರಿದರೆ ಈ ಕಬ್ಬಿಣದ ಕರಗುವಿಕೆ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಒಂದು ಅಂಕಕ್ಕೆ ಸಾವಿರ ಪಟ್ಟು! ಗಿಡವೇನೂ ಸುಮ್ನೆ ಕೂರುವುದಿಲ್ಲ. ಬೇರಿನ ತುದಿಯಿಂದ ಆಮ್ಲ ಹೊರಗೆ ತಳ್ಳುತ್ತದೆ. ಸುತ್ತಲಿನ ಕೂದಲೆಳೆಯಷ್ಟು ಜಾಗ ಹುಳಿಯಾಗಿ ಸ್ವಲ್ಪ ಕಬ್ಬಿಣ ಕರಗುತ್ತದೆ. ಬೇರಿನ ಮೈಮೇಲಿನ ಒಂದು ಕಿಣ್ವ ಆ ಕಬ್ಬಿಣಕ್ಕೆ ಒಂದು ಎಲೆಕ್ಟ್ರಾನ್ ಕೊಟ್ಟು ಸುಲಭವಾಗಿ ಕರಗುವ ರೂಪಕ್ಕೆ ತರುತ್ತದೆ. ಆಮೇಲೆ ಇನ್ನೊಂದು ಪ್ರೋಟೀನು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಈ ಸರಪಳಿಗೆ ಮೊದಲ ಏಟು ಕೊಡುವುದು ನಮ್ಮ ಬೋರ್ ನೀರಿನ ಬೈಕಾರ್ಬೊನೇಟು. ಬೇರು ಬಿಟ್ಟ ಆಮ್ಲವನ್ನು ಅದು ಬಿಟ್ಟ ಕೂಡಲೇ ನುಂಗಿಬಿಡುತ್ತದೆ. ಪ್ರತಿ ದಿನ ನೀರು ಹಾಕುತ್ತೀರಿ, ಪ್ರತಿ ದಿನ ಹೊಸ ಬೈಕಾರ್ಬೊನೇಟು. ನೀರು ಒಣಗಿದ ಮೇಲೂ ಕಾರ್ಬೊನೇಟು ಮಣ್ಣಿನಲ್ಲೇ ಉಳಿಯುತ್ತದೆ. ಮಣ್ಣಿನ ಕುಂಡದ ಹೊರಮೈಯಲ್ಲಿ ಬೆಳ್ಳಗೆ ಕಟ್ಟುವ ಪೊರೆಯಲ್ಲೂ ಇದರ ಪಾಲಿದೆ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ ಗಿಡ. ಸುಣ್ಣದ ನೆಲದಲ್ಲಿ ಹಳದಿಯಾಗುವುದರಲ್ಲಿ ಆ ಕುಟುಂಬಕ್ಕೆ ಮೊದಲಿಂದಲೂ ಹೆಸರಿದೆ.

ರಾಗಿ, ಜೋಳ, ಭತ್ತ ಈ ವಿಷಯದಲ್ಲಿ ಜಾಣರು. ಹುಲ್ಲಿನ ಜಾತಿಯ ಗಿಡಗಳು ಆಮ್ಲವನ್ನೇ ನಂಬಿ ಕೂರುವುದಿಲ್ಲ. ಕಬ್ಬಿಣವನ್ನು ಹಿಡಿದು ತರುವ ಅಣುವೊಂದನ್ನು ಬೇರಿನಿಂದ ಹೊರಬಿಟ್ಟು, ಕಬ್ಬಿಣದ ಸಮೇತ ವಾಪಸ್ ಎಳೆದುಕೊಳ್ಳುತ್ತವೆ. ಇದನ್ನು 1976ರಲ್ಲಿ ಬೆಳಕಿಗೆ ತಂದವರು ಜಪಾನಿನ ಟಕಾಗಿ. ಚೀನಾದ ಸುಣ್ಣದ ನೆಲದಲ್ಲಿ ಒಂಟಿಯಾಗಿ ಬೆಳೆದ ಕಡಲೆಕಾಯಿ ಹಳದಿಯಾಗುತ್ತದೆ, ಮೆಕ್ಕೆಜೋಳದ ಸಾಲಿನ ಪಕ್ಕ ಬೆಳೆದದ್ದು ಹಸಿರಾಗಿರುತ್ತದೆ.

ಕಣ್ಣು ಬಿದ್ದ ಮಾತಿಗೆ ಬರೋಣ. ಗಿಡ ಹಳದಿಯಾದರೆ 'ಆ ಮೂರು ದಿನ ಗಿಡ ಮುಟ್ಟಿದೆಯಾ' ಅಂತ ಹಿರಿಯರು ಯಾರಾದರೂ ಕೇಳಿಯೇ ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಇದು ನಮ್ಮೂರಿನ ಅಜ್ಜಿಯರ ಸ್ವತ್ತು ಅಂತಲೂ ತಿಳಿಯಬೇಡಿ. ಗಂಟಲುಮಾರಿಗೆ ಪರೀಕ್ಷೆ ಕಂಡುಹಿಡಿದ ದೊಡ್ಡ ವೈದ್ಯ ಬೇಲಾ ಶಿಕ್, 1920ರಲ್ಲಿ ವಿಯೆನ್ನಾದಲ್ಲಿ ಕೂತು, ಮುಟ್ಟಾದ ಹೆಂಗಸರ ಬೆವರಿನಲ್ಲಿ ಹೂ ಬಾಡಿಸುವ ವಿಷವಿದೆ ಅಂತ ಬರೆದ. ಮನೆಗೆಲಸದವಳ ಕೈಗೆ ಕೊಟ್ಟ ಗುಲಾಬಿ ಬೆಳಗಾಗುವಷ್ಟರಲ್ಲಿ ಬಾಡಿತ್ತು ಅನ್ನುವುದು ಶುರುವಿನ ಸಾಕ್ಷಿ. ಕಿತ್ತ ಗುಲಾಬಿ ರಾತ್ರಿ ಕಳೆದರೆ ಬಾಡದೆ ಇನ್ನೇನು ಮಾಡುತ್ತದೆ? ಆ ವಿಷವನ್ನು ದಶಕಗಟ್ಟಲೆ ಹುಡುಕಿದರು. ಇರಲಿಲ್ಲ. ಅಪರಾಧಿ ನೀರಿನ ಪೈಪಿನಲ್ಲಿದ್ದಾನೆ, ದೂರು ಮಾತ್ರ ಮನೆಯ ಹೆಣ್ಣುಮಕ್ಕಳ ಮೇಲೆ.

ಮಜ್ಜಿಗೆಯನ್ನು ಆ ಸಾಲಿಗೆ ಸೇರಿಸುವುದಿಲ್ಲ. ಅದರಲ್ಲಿ ಲ್ಯಾಕ್ಟಿಕ್ ಆಮ್ಲವಿದೆ. ಬೈಕಾರ್ಬೊನೇಟನ್ನು ಅದು ಮುರಿಯುವುದು ನಿಜ. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಆ ಆಮ್ಲವನ್ನು ಬೇಗ ತಿಂದು ಮುಗಿಸುತ್ತವೆ. ವಾರಕ್ಕೊಮ್ಮೆ ಒಂದು ಲೋಟ ಮಜ್ಜಿಗೆ, ದಿನಾ ಒಂದು ಚೊಂಬು ಬೋರ್ ನೀರು. ಲೆಕ್ಕ ಎಲ್ಲಿ ಹೊಂದುತ್ತದೆ? ಜೊತೆಗೆ ಇರುವೆ ಬೇರೆ.

ಇದಕ್ಕಿಂತ ದೊಡ್ಡ ಎಡವಟ್ಟು ಆರ್‌ಒ ಯಂತ್ರದ ವೇಸ್ಟ್ ನೀರು. ಪಾಪ, ಚೆಲ್ಲಬಾರದು ಅಂತ ಒಳ್ಳೇ ಮನಸ್ಸಿನಿಂದಲೇ ಗಿಡಕ್ಕೆ ಹಾಕುತ್ತಾರೆ. ಅರ್ಧ ನೀರು ಕೊಟ್ಟು ಅರ್ಧ ಹೊರಹಾಕುವ ಯಂತ್ರವಾದರೆ, ಹೊರಹೋಗುವ ನೀರಿನಲ್ಲಿ ಲವಣ ಸುಮಾರು ಎರಡು ಪಟ್ಟು. ಅದು ನೆಲ ಒರೆಸಲು, ಕಕ್ಕಸಿಗೆ ಸರಿ. ಕರಿಬೇವಿಗೆ ಬೇಡ. ಕಾವೇರಿ ನೀರು ಸಿಕ್ಕರೆ ಅದು ಹಾಕಿ. ಮಳೆ ನೀರು ಇನ್ನೂ ಒಳ್ಳೆಯದು, ಅದರಲ್ಲಿ ಬೈಕಾರ್ಬೊನೇಟು ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ ಎರಡೂ ಇಲ್ಲ ಅಂದರೆ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ಲೀಟರಿಗೆ ಐದು ಗ್ರಾಂ, ಜೊತೆಗೆ ಒಂದು ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗೇ ಸಿಂಪಡಿಸಿ. ಬೇರಿನ ರಗಳೆಯೇ ಬೇಡ. ನೆಲಕ್ಕೆ ಬಿದ್ದರೆ ತುಕ್ಕಿನ ಕಲೆ ಹಿಡಿಯುತ್ತದೆ, ಹಳೇ ಪೇಪರ್ ಹಾಸಿಕೊಳ್ಳಿ. ಒಗ್ಗರಣೆಗೆ ಬೇಕಾದ ಸೊಪ್ಪು ಮೊದಲೇ ಕಿತ್ತಿಟ್ಟುಕೊಳ್ಳಿ.

ಈ ಬಿಳಿ ಕಲೆ ನೋಡಿ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರೂ ಇದ್ದಾರೆ. ಕಿಡ್ನಿಯಲ್ಲಿ ಕಲ್ಲಾಗಲು ನೀರು ಕಡಿಮೆ ಕುಡಿಯುವುದು ದೊಡ್ಡ ಕಾರಣ. ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರವರೆಗೂ ನಡೆಯುತ್ತದೆ. ಪಾವಗಡ, ಕೋಲಾರದ ಕಡೆ ಜನರ ಹಲ್ಲು, ಮೂಳೆ ಕೆಡಿಸಿದ್ದು ಫ್ಲೋರೈಡ್. ಅದು ಬಕೆಟ್ಟಿನ ಮೇಲೆ ಗುರುತು ಬಿಡುವುದಿಲ್ಲ, ನೀರು ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಟೆಸ್ಟ್ ಇರುವ ಹುಡುಗಿಗೆ ಒಂದು ಕೆಲಸ ಕೊಡಿ. ಮೂರು ಒಂದೇ ಥರದ ಬಾಟಲಿ. ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಅದೇ ನೀರು ಹತ್ತು ನಿಮಿಷ ಕುದಿಸಿ ಆರಿಸಿ ಬಟ್ಟೆಯಲ್ಲಿ ಸೋಸಿದ್ದು, ಮೂರನೆಯದರಲ್ಲಿ ಮಳೆ ನೀರು. ಬಟ್ಟೆ ಸೋಪು ತುರಿದು ಕರಗಿಸಿ ಡ್ರಾಪರಿನಲ್ಲಿ ಹನಿ ಹನಿ ಹಾಕಿ ಕುಲುಕಲಿ. ಡಿಟರ್ಜೆಂಟ್ ಪುಡಿ ಆಗದು, ಅದು ಗಡಸು ನೀರಿಗೂ ನೊರೆ ಕೊಡುತ್ತದೆ. ನೊರೆ ನಿಲ್ಲುವವರೆಗೆ ಎಷ್ಟು ಹನಿ ಬೇಕಾಯಿತು ಅಂತ ಬರೆದುಕೊಳ್ಳಲಿ. 1841ರಲ್ಲಿ ಸುಣ್ಣ ಹಾಕಿ ನೀರು ಮೆದು ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಗಡಸುತನ ಅಳೆಯುತ್ತಿದ್ದದ್ದೂ ಹೀಗೇ, ಸೋಪಿನಿಂದ. ಮೊದಲ ಬಾಟಲಿಗೂ ಎರಡನೆಯದಕ್ಕೂ ಇರುವ ಹನಿಗಳ ವ್ಯತ್ಯಾಸ ತಾತ್ಕಾಲಿಕ ಗಡಸುತನ. ಎರಡನೆಯದಕ್ಕೂ ಮಳೆ ನೀರಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಶಾಶ್ವತ ಗಡಸುತನ.