ಕೋರ್ಟಿನ ‘ಅಭಿಪ್ರಾಯ’ ಸಲಹೆಯಲ್ಲ

ರಾಯಚೂರಿನ ನನ್ನ ವಕೀಲಿ ಆಫೀಸಿಗೆ ಒಮ್ಮೆ ಇಬ್ಬರು ಹಳೇ ಪಾಲುದಾರರು ಜೊತೆಗೇ ಬಂದರು. ವರ್ಷಗಟ್ಟಲೆ ಕೂಡಿ ಹತ್ತಿ ವ್ಯಾಪಾರ ಮಾಡಿದವರು. ಪಾಲು ಬಿಡಿಸಿಕೊಂಡಾಗ ಬರೆದ ಪತ್ರದಲ್ಲಿ ‘ಗೋದಾಮು ಮತ್ತು ಅದಕ್ಕೆ ಸೇರಿದ ಖುಲ್ಲಾ ಜಾಗ’ ಒಬ್ಬರಿಗೆ ಎಂದಿತ್ತು. ಗೋದಾಮಿನ ಮುಂದೆ ಲಾರಿ ನಿಲ್ಲುವ ಜಾಗ ಅದರಲ್ಲಿ ಬರುತ್ತದೋ ಇಲ್ಲವೋ? ಜಗಳ ಇಷ್ಟೇ. ಪತ್ರ, ಸಹಿ, ನಕಾಶೆ ಎಲ್ಲವನ್ನೂ ಇಬ್ಬರೂ ಒಪ್ಪುತ್ತಿದ್ದರು.

ಇಂಥವರಿಗೆಂದೇ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಒಂದು ದಾರಿ ಇದೆ. 90ನೇ ಕಲಂ, 36ನೇ ಆದೇಶ. ಎರಡೂ ಕಡೆಯವರು ಕೂಡಿ ಕರಾರು ಬರೆದು, ‘ನಮ್ಮ ಪ್ರಶ್ನೆ ಇದು, ಇದಕ್ಕೆ ಕೋರ್ಟಿನ ಅಭಿಪ್ರಾಯ ಬೇಕು’ ಎಂದು ಕೇಳಬಹುದು. ನನಗೆ ಇದು ಬಹಳ ಇಷ್ಟದ ದಾರಿ. ಒಪ್ಪಿಕೊಂಡ ಸಂಗತಿಗಳಿಗೇ ಸಾಕ್ಷಿ, ಪಾಟಿ ಸವಾಲು ಅಂತ ವರ್ಷಗಟ್ಟಲೆ ಅಲೆಯುವುದು ಸಾಮಾನ್ಯವಾಗಿ ತಪ್ಪುತ್ತದೆ.

ಆದರೆ ‘ಅಭಿಪ್ರಾಯ’ ಎಂಬ ಪದ ಕೇಳಿದ ಕೂಡಲೇ ಜನರ ಮುಖ ಅರಳುತ್ತದೆ. ಅವತ್ತೂ ಹಾಗೇ ಆಯಿತು. “ಜಡ್ಜ್ ಸಾಹೇಬ್ರ ಅಭಿಪ್ರಾಯ ಕೇಳಿ ನೋಡಾಮ್ರಿ. ಸರಿ ಅನಿಸಿದ್ರ ಒಪ್ಕಂತೀವಿ, ಇಲ್ಲಾಂದ್ರ ಮುಂದ ನೋಡಿದ್ರಾತು,” ಎಂದರು ಇಬ್ಬರಲ್ಲಿ ಹಿರಿಯರು.

ಇಲ್ಲ. ಮುಂದೆ ನೋಡುವುದು ಇಲ್ಲಿ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಅನಿಸುತ್ತದೆ. ನೀವು ಕೊಟ್ಟ ಕರಾರು ದಾವೆಯಾಗಿಯೇ ನೋಂದಣಿ ಆಗುತ್ತದೆ. ಅದರಲ್ಲಿ ಬರೆದ ಮಾತಿಗೆ ನೀವು ಕಟ್ಟುಬೀಳುತ್ತೀರಿ. ಕೋರ್ಟು ತೀರ್ಪು ಹೇಳುತ್ತದೆ, ಅದರ ಮೇಲೆ ಡಿಕ್ರಿ, ಅಂದರೆ ಇಬ್ಬರನ್ನೂ ಕಟ್ಟಿಹಾಕುವ ಕೋರ್ಟಿನ ಆಜ್ಞೆ, ಬರುತ್ತದೆ. ಆ ಡಿಕ್ರಿಯ ಮೇಲೆ ಅಪೀಲು ಇಲ್ಲ. 1976ರ ತಿದ್ದುಪಡಿ ಇದನ್ನು ಸ್ಪಷ್ಟ ಮಾತಿನಲ್ಲೇ ಸೇರಿಸಿದೆ. ಮಾಮೂಲಿ ದಾವೆಯಲ್ಲಿ ಸೋತವರು ಜಿಲ್ಲಾ ಕೋರ್ಟು, ಆಮೇಲೆ ಹೈಕೋರ್ಟಿನ ಕಲಬುರಗಿ ಪೀಠ ಅಂತ ಯೋಚಿಸಬಹುದು. ಇಲ್ಲಿ ಆ ಬಾಗಿಲನ್ನು ಸಹಿ ಹಾಕುವಾಗಲೇ ನೀವೇ ಮುಚ್ಚಿಕೊಂಡಿರುತ್ತೀರಿ. ಮೋಸದಿಂದ ಸಹಿ ಹಾಕಿಸಿಕೊಂಡಿದ್ದರೆ ಮಾತು ಬೇರೆ. ಅದನ್ನು ಪ್ರತಿ ಪ್ರಕರಣದ ಕಾಗದ ನೋಡಿಯೇ ಹೇಳಬೇಕು.

ಇನ್ನೊಂದು ಮಾತೂ ಇದಕ್ಕೇ ಸೇರಿದ್ದು. ಬರೀ ಪ್ರಶ್ನೆ ಬರೆದರೆ ಆಗುವುದಿಲ್ಲ. ಉತ್ತರ ಬಂದ ಮೇಲೆ ಯಾರು ಏನು ಮಾಡಬೇಕು ಎಂದೂ ಕರಾರಿನಲ್ಲಿ ಇರಬೇಕು. ಇಷ್ಟು ಹಣ ಕೊಡಬೇಕು, ಈ ಆಸ್ತಿ ಬಿಟ್ಟುಕೊಡಬೇಕು, ಇಂಥ ಕೆಲಸ ಮಾಡಬೇಕು ಅಥವಾ ಮಾಡಬಾರದು, ಹೀಗೆ. ಆಸ್ತಿಯಾದರೆ ಅದರ ಅಂದಾಜು ಬೆಲೆಯನ್ನೂ ಬರೆಯಬೇಕು. ಸುಮ್ನೆ ಕುತೂಹಲಕ್ಕೆ ಕೇಳಿದ ಪ್ರಶ್ನೆಯನ್ನು ಕೋರ್ಟು ತೆಗೆದುಕೊಳ್ಳುವುದಿಲ್ಲ. ಕರಾರು ಸರಿಯಾಗಿ ಆಗಿದೆಯಾ, ಇವರಿಗೆ ನಿಜವಾದ ಹಿತಾಸಕ್ತಿ ಇದೆಯಾ, ಇದು ತೀರ್ಮಾನಿಸಲು ತಕ್ಕದ್ದಾ ಎಂದು ಮೊದಲು ನೋಡುತ್ತದೆ.

ನಾನು ಒಂದು ಹಾಳೆ ಮುಂದಿಟ್ಟೆ. “ಉತ್ತರ ‘ಹೌದು’ ಎಂದರೆ ಏನು, ‘ಇಲ್ಲ’ ಎಂದರೆ ಏನು, ಇಬ್ಬರೂ ಬರೆದುಕೊಡಿ,” ಎಂದೆ. ಗೆದ್ದರೆ ಏನು ಎಂಬುದನ್ನು ಇಬ್ಬರೂ ಪಟಪಟ ಬರೆದರು. ಸೋತರೆ ಏನು ಎಂಬಲ್ಲಿ ಪೆನ್ನು ನಿಂತಿತು. ಇಬ್ಬರಿಗೂ ನಾನೇ ವಕೀಲನಾಗಬೇಕು ಎಂಬ ಆಸೆಯೂ ಅವರಿಗಿತ್ತು. ಅದು ಆಗದ ಮಾತು, ಒಬ್ಬರು ಬೇರೆಯವರನ್ನು ನೋಡಿಕೊಳ್ಳಲೇಬೇಕು ಎಂದೆ. ಹಿರಿಯರಿಗೆ ಬೇಸರವಾಯಿತು. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಹದಿನೈದು ದಿನ ಬಿಟ್ಟು ಹಿರಿಯರೊಬ್ಬರೇ ಬಂದರು. ಟೇಪು ಹಿಡಿದು ಆ ಜಾಗ ಅಳೆದಿದ್ದರು, ಬೆಲೆ ವಿಚಾರಿಸಿದ್ದರು, ಮಗನ ಜೊತೆ ಕೂತು ಮಾತಾಡಿದ್ದರು. ಅದೇ ಹಾಳೆಯಲ್ಲಿ ಖಾಲಿ ಇದ್ದ ಕಡೆ ಒಂದು ಸಾಲು ಬರೆದಿದ್ದರು: ‘ಕೋರ್ಟು ಇಲ್ಲ ಎಂದರೆ ಒಂದು ತಿಂಗಳಲ್ಲಿ ಜಾಗ ಬಿಡುತ್ತೇನೆ.’

“ಈಗ ಬರೀರಿ ಕರಾರು,” ಎಂದರು.