ಸಂಪಾದಕರ ಮೇಜು ಕಿರುತೆರೆಗೆ ಬಂದ ದಾರಿ

ಅಮೆರಿಕದ 'ದಿ ವೈರ್' ಟೀವಿ ಸರಣಿಯ ಐದನೇ ಸೀಸನ್ನಿನ ಮೊದಲ ಕಂತಿನಲ್ಲಿ ಒಂದು ಸಣ್ಣ ಪ್ರಸಂಗ ಬರುತ್ತದೆ. ಬಾಲ್ಟಿಮೋರ್ ಸನ್ ಪತ್ರಿಕೆಯ ಕಚೇರಿ. ಯುವ ವರದಿಗಾರ್ತಿಯೊಬ್ಬಳು ತನ್ನ ಸುದ್ದಿಯಲ್ಲಿ ಇಷ್ಟು ಜನರನ್ನು 'ಇವ್ಯಾಕ್ಯುಯೇಟ್' (ತೆರವು) ಮಾಡಲಾಯಿತು ಎಂದು ಬರೆದಿದ್ದಾಳೆ. ಡೆಸ್ಕಿನಲ್ಲಿ ತಲೆ ಹಣ್ಣಾದ ಹಿರಿಯನೊಬ್ಬ ಅವಳನ್ನು ಕರೆದು ತಿದ್ದುತ್ತಾನೆ: ಆ ಕ್ರಿಯಾಪದ ಕಟ್ಟಡಕ್ಕೆ ಸಲ್ಲುತ್ತದೆ, ಮನುಷ್ಯರಿಗೆ ಹಚ್ಚಿದರೆ ಅವರಿಗೆ ಎನಿಮಾ ಕೊಟ್ಟರು ಎಂದಾಗುತ್ತದೆ. ಕಥೆ ಮುಂದೆ ಸಾಗಲು ಈ ಮಾತುಕತೆ ಬೇಕಾಗಿಯೇ ಇಲ್ಲ. ಆದರೂ ಸಂಪಾದನೆ ಎಂಬ ಕೆಲಸ ವೇಷ ಹಾಕಿಕೊಳ್ಳದೆ ಕಿರುತೆರೆಯ ಮೇಲೆ ಕಾಣಿಸಿಕೊಂಡ ಅಪರೂಪದ ಗಳಿಗೆ ಅದು. ಕಂತು ಪ್ರಸಾರವಾದದ್ದು 2008ರಲ್ಲಿ. ಅಷ್ಟರಲ್ಲಿ ಟೀವಿ ಪತ್ರಿಕಾ ಕಚೇರಿಗಳನ್ನು ತೋರಿಸಲು ಶುರು ಮಾಡಿ ಹತ್ತಿರಹತ್ತಿರ ಅರವತ್ತು ವರ್ಷ ಕಳೆದಿತ್ತು.

ಇಷ್ಟು ತಡವಾಗಲು ಕಾರಣ ಆ ಕೆಲಸದಲ್ಲೇ ಇದೆ. ಸಂಪಾದಕರ ದಿನದ ಬಹುಪಾಲು ಓದಿನಲ್ಲಿ ಕಳೆಯುತ್ತದೆ. ಮಿಕ್ಕ ಹೊತ್ತಿನಲ್ಲಿ ಸಾಲು ಹೊಡೆದುಹಾಕುವುದು, ಫೋನ್ ಮಾಡಿ ಕೇಳುವುದು, ಅಳತೆಗೆ ಕೂರದ ಶೀರ್ಷಿಕೆಯ ಜೊತೆ ಗುದ್ದಾಡುವುದು. ವೈದ್ಯರ ಸರಣಿಗೆ ರೋಗಿ ಇದ್ದಾನೆ, ವಕೀಲರ ಸರಣಿಗೆ ಕಟಕಟೆ ಇದೆ, ಪೊಲೀಸರ ಸರಣಿಗೆ ಹೆಣ ಸಿಗುತ್ತದೆ. ಕೂತು ಓದುತ್ತಿರುವವನ ಮುಂದೆ ಕ್ಯಾಮೆರಾ ಇಟ್ಟರೆ ಸಿಗುವುದು ಬಗ್ಗಿಸಿದ ತಲೆ ಮಾತ್ರ. ಮೇಲಾಗಿ ಕೆಲಸ ಚೆನ್ನಾಗಿ ಆದರೆ ಗುರುತೇ ಉಳಿಯುವುದಿಲ್ಲ. ತಪ್ಪಿಲ್ಲದ ಪುಟ ನೋಡಿ ಇದನ್ನು ತಿದ್ದಿದವರು ಯಾರು ಎಂದು ಯಾರೂ ವಿಚಾರಿಸುವುದಿಲ್ಲ. ಹಾಗಾಗಿ ಚಿತ್ರಕಥೆಗಾರರು ಓದಿನ ಜಾಗದಲ್ಲಿ ಬೇರೆ ಏನನ್ನಾದರೂ ತಂದು ಕೂರಿಸಬೇಕಾಯಿತು. ಮೊದಲು ಕೂರಿಸಿದ್ದು ಅಪರಾಧವನ್ನು.

ರೇಡಿಯೋದಲ್ಲಿ 1937ರಿಂದ ನಡೆಯುತ್ತಿದ್ದ 'ಬಿಗ್ ಟೌನ್' 1950ರಲ್ಲಿ ಟೀವಿಗೂ ಬಂದು 1956ರವರೆಗೆ ಓಡಿತು. ಅದರ ನಾಯಕ ಸ್ಟೀವ್ ವಿಲ್ಸನ್ 'ಇಲಸ್ಟ್ರೇಟೆಡ್ ಪ್ರೆಸ್' ಪತ್ರಿಕೆಯ ಸಂಪಾದಕ. ಹೆಸರಿಗೆ ಸಂಪಾದಕ, ಮಾಡುವುದೆಲ್ಲ ಪತ್ತೇದಾರಿಕೆ. 1952ರಲ್ಲಿ ಬಂದ ಸೂಪರ್‌ಮ್ಯಾನ್ ಸರಣಿಯಲ್ಲಿ 'ಡೈಲಿ ಪ್ಲಾನೆಟ್' ಸಂಪಾದಕ ಪೆರಿ ವೈಟ್‌ನದು ಬಾಗಿಲು ತೆರೆದು ಗದರುವ ಪಾತ್ರ. ಇವನಿಂದ ಹುಟ್ಟಿದ ಗದರುವ ಸಂಪಾದಕರ ಸಂತತಿ ಇಂದಿಗೂ ಬೆಳೆಯುತ್ತಲೇ ಇದೆ.

ಬ್ರಿಟನ್ನಿನಲ್ಲಿ ಬಿಬಿಸಿ 1962ರಲ್ಲಿ 'ಕಾಂಪ್ಯಾಕ್ಟ್' ಎಂಬ ಧಾರಾವಾಹಿ ಶುರು ಮಾಡಿತು. ಅದೇ ಹೆಸರಿನ ಮಹಿಳಾ ಪತ್ರಿಕೆಯ ಕಚೇರಿಯೇ ಅದರ ಲೋಕ. ಹೇಝಲ್ ಅಡೇರ್ ಮತ್ತು ಪೀಟರ್ ಲಿಂಗ್ ಕಟ್ಟಿದ ಈ ಸರಣಿ ವಾರಕ್ಕೆರಡು ಸಲದಂತೆ 1965ರವರೆಗೆ ನಡೆಯಿತು. ವಾರಕ್ಕೆರಡು ಕಂತು ಕೊಡಬೇಕಾದವರಿಗೆ ಪತ್ರಿಕಾ ಕಚೇರಿ ಅನುಕೂಲದ ಜಾಗ. ಸೆಟ್ ಒಂದೇ ಸಾಕು. ಲೇಖಕಿ, ಛಾಯಾಗ್ರಾಹಕ, ರೂಪದರ್ಶಿ, ಜಾಹೀರಾತುದಾರ ಯಾರು ಬೇಕಾದರೂ ಒಳಗೆ ಬರಬಹುದು, ಬಂದದ್ದಕ್ಕೆ ಕಾರಣ ಹೇಳುವ ಅಗತ್ಯವಿಲ್ಲ. ಈ ಸೂತ್ರವನ್ನು ಮುಂದೆ ಬಂದವರೆಲ್ಲ ಎತ್ತಿಕೊಂಡರು. ವಿಡಿಯೋ ಟೇಪು ದುಬಾರಿಯಾಗಿದ್ದ ಕಾಲವದು. ಹಳೆಯದನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಕಾಂಪ್ಯಾಕ್ಟಿನ ಬಹುತೇಕ ಕಂತುಗಳು ಇವತ್ತು ಉಳಿದಿಲ್ಲ.

ಹತ್ತು ಡಾಲರ್ ಕಡಿಮೆ

ಸಂಬಳ, ಹುದ್ದೆ, ಮೇಲಿನವರು, ಕೆಳಗಿನವರು ಎಂದು ಕಚೇರಿಯನ್ನು ಕಚೇರಿಯಾಗಿಯೇ ನೋಡಿದ್ದು 1970ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ ಪ್ರಸಾರ ಮಾಡಿದ 'ದಿ ಮೇರಿ ಟೈಲರ್ ಮೂರ್ ಶೋ'. ಮಿನಿಯಾಪೊಲಿಸ್‌ನ ಸಣ್ಣ ಟೀವಿ ಕೇಂದ್ರವೊಂದಕ್ಕೆ ಮೇರಿ ರಿಚರ್ಡ್ಸ್ ಕಾರ್ಯದರ್ಶಿ ಕೆಲಸ ಕೇಳಿಕೊಂಡು ಬರುತ್ತಾಳೆ. ಆ ಜಾಗ ಭರ್ತಿಯಾಗಿದೆ. ಸುದ್ದಿ ವಿಭಾಗದ ಮುಖ್ಯಸ್ಥ ಲೂ ಗ್ರಾಂಟ್ ಅವಳಿಗೆ ಸಹಾಯಕ ನಿರ್ಮಾಪಕಿಯ ಹುದ್ದೆ ಕೊಡುತ್ತಾನೆ. ದೊಡ್ಡ ಹುದ್ದೆ, ಆದರೆ ವಾರಕ್ಕೆ ಹತ್ತು ಡಾಲರ್ ಕಡಿಮೆ. ಮುಂದೊಂದು ಕಂತಿನಲ್ಲಿ ಇದೇ ಕುರ್ಚಿಯಲ್ಲಿ ಮೊದಲು ಕೂತಿದ್ದ ಗಂಡಸಿಗೆ ತನಗಿಂತ ಐವತ್ತು ಡಾಲರ್ ಹೆಚ್ಚು ಸಿಗುತ್ತಿತ್ತು ಎಂಬುದು ಅವಳಿಗೆ ಗೊತ್ತಾಗುತ್ತದೆ. 1977ರ ಕೊನೆಯ ಕಂತಿನಲ್ಲಿ ಕೇಂದ್ರದ ಹೊಸ ಮಾಲೀಕರು ಸುದ್ದಿಮನೆಯ ಎಲ್ಲರನ್ನೂ ತೆಗೆದು, ಯಾವ ಕೆಲಸಕ್ಕೂ ಬಾರದ ಆಂಕರ್ ಒಬ್ಬನನ್ನು ಉಳಿಸಿಕೊಳ್ಳುತ್ತಾರೆ. ಸುದ್ದಿ ವಾಹಿನಿಗಳ ಕಾಲ ಇನ್ನೂ ಬಂದಿರಲಿಲ್ಲ ಎಂಬುದನ್ನು ನೆನೆದರೆ ಆ ಹಾಸ್ಯ ಕೊಂಚ ಚುಚ್ಚುತ್ತದೆ.

ಮೇರಿಯ ಸಂಬಳದ ಕಥೆಗೆ ನಿಜ ಜೀವನದಲ್ಲೂ ಜೋಡಿ ಇತ್ತು. ನ್ಯೂಸ್‌ವೀಕ್ ವಾರಪತ್ರಿಕೆಯಲ್ಲಿ ಹೆಂಗಸರು ಮಾಹಿತಿ ಹೆಕ್ಕಿ ಕೊಡಬೇಕು, ಅದನ್ನು ಬರೆದು ಹೆಸರು ಹಾಕಿಕೊಳ್ಳುವುದು ಗಂಡಸರು ಎಂಬ ವ್ಯವಸ್ಥೆ ನಡೆದುಕೊಂಡು ಬಂದಿತ್ತು. 1970ರ ಮಾರ್ಚ್‌ನಲ್ಲಿ ಅಲ್ಲಿನ 46 ಮಹಿಳೆಯರು ಸರ್ಕಾರದ ಉದ್ಯೋಗ ಸಮಾನತೆ ಆಯೋಗಕ್ಕೆ ದೂರು ಕೊಟ್ಟರು. ಇದನ್ನು ಆಧರಿಸಿದ 'ಗುಡ್ ಗರ್ಲ್ಸ್ ರಿವೋಲ್ಟ್' ಸರಣಿ ಬಂದದ್ದು ನಲವತ್ತಾರು ವರ್ಷ ಕಳೆದ ಮೇಲೆ, 2016ರಲ್ಲಿ. ಒಂದೇ ಸೀಸನ್‌ಗೆ ನಿಂತೂಹೋಯಿತು.

ಕೆಲಸ ಕಳೆದುಕೊಂಡ ಲೂ ಗ್ರಾಂಟ್ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಲಾಸ್ ಏಂಜಲೀಸ್‌ಗೆ ಹೋಗಿ 'ಟ್ರಿಬ್ಯೂನ್' ಎಂಬ ಕಾಲ್ಪನಿಕ ದಿನಪತ್ರಿಕೆಯ ನಗರ ವಿಭಾಗದ ಸಂಪಾದಕನಾದ. ಹಾಸ್ಯ ಸರಣಿಯ ಪಾತ್ರವೊಂದು ಒಂದು ಗಂಟೆಯ ಗಂಭೀರ ಸರಣಿಗೆ ವರ್ಗವಾಗುವುದು ಅಪರೂಪ. 'ಲೂ ಗ್ರಾಂಟ್' 1982ರವರೆಗೆ 114 ಕಂತು ನಡೆಯಿತು. ಪತ್ರಿಕೆಯ ಯಂತ್ರ ಹೇಗೆ ತಿರುಗುತ್ತದೆ ಎಂಬುದನ್ನು ತೋರಿಸಿದ ಮೊದಲ ಸರಣಿ ಇದೇ ಎನ್ನಬಹುದು: ಯಾವ ಸುದ್ದಿ ಮುಖಪುಟಕ್ಕೆ ಎಂಬ ಸಂಜೆ ಸಭೆಯ ಜಗ್ಗಾಟ, ಒಡತಿ ಮಿಸೆಸ್ ಪಿಂಚನ್‌ಗೆ ಬರುವ ಒತ್ತಡ, ವರದಿಗಾರನ ಹಟ. ಮೊದಲ ಸೀಸನ್ನಿನ ಶೀರ್ಷಿಕೆ ದೃಶ್ಯವೇ ಒಂದು ಪಾಠ. ಕಾಡಿನ ಮರ ಉರುಳುತ್ತದೆ, ಕಾಗದವಾಗುತ್ತದೆ, ಅಚ್ಚಾಗುತ್ತದೆ, ಮನೆ ಬಾಗಿಲಿಗೆ ಬೀಳುತ್ತದೆ, ಕಡೆಗೆ ಹಕ್ಕಿ ಪಂಜರದ ತಳಕ್ಕೆ ಹಾಸಾಗುತ್ತದೆ.

1980ರ ದಶಕದ ಕೊನೆಯಿಂದ ಟೀವಿ ತನ್ನ ಮನೆಯತ್ತಲೇ ತಿರುಗಿ ಕೂತಿತು. 1988ರ 'ಮರ್ಫಿ ಬ್ರೌನ್', 1994ರಿಂದ 1997ರವರೆಗೆ ಆಸ್ಟ್ರೇಲಿಯಾದ 'ಫ್ರಂಟ್‌ಲೈನ್', 1998ರ 'ಸ್ಪೋರ್ಟ್ಸ್ ನೈಟ್' ಎಲ್ಲದರ ಕಥೆಯೂ ನಡೆಯುವುದು ಟೀವಿ ಸ್ಟುಡಿಯೋದೊಳಗೆ. ಇದಕ್ಕೆ ಖರ್ಚಿನ ಲೆಕ್ಕಕ್ಕಿಂತ ಗಡಿಯಾರ ಮುಖ್ಯ ಕಾರಣ. ಮುದ್ರಣದ ಡೆಡ್‌ಲೈನ್ ಕಣ್ಣಿಗೆ ಕಾಣದು, ನೇರ ಪ್ರಸಾರದ್ದು ಗೋಡೆಯ ಮೇಲೆ ಸೆಕೆಂಡು ಸೆಕೆಂಡಾಗಿ ಓಡುತ್ತಿರುತ್ತದೆ. ಬುಲೆಟಿನ್‌ನ ರನ್‌ಡೌನ್ ಪಟ್ಟಿಯಲ್ಲಿ ಪ್ರತಿ ಸುದ್ದಿಗೂ ಒಂದು ಚುಟುಕು ಹೆಸರು, ಎದುರಿಗೆ ಅವಧಿ. ನಿರ್ಮಾಪಕರು ಲೆಕ್ಕ ಹಾಕುವುದು ಕೊನೆಯಿಂದ ಹಿಂದಕ್ಕೆ: ಮುಕ್ತಾಯದ ಮಾತಿಗೆ ಇಷ್ಟು, ಹವಾಮಾನಕ್ಕೆ ಇಷ್ಟು, ಹಾಗಾದರೆ ಕ್ರೀಡೆ ಇಷ್ಟು ಗಂಟೆಗೆ ಶುರುವಾಗಲೇಬೇಕು. ಮೊದಲ ಸುದ್ದಿ ನಲವತ್ತು ಸೆಕೆಂಡು ಹಿಗ್ಗಿದರೆ ಕೆಳಗಿನದೊಂದು ಬೀಳಬೇಕು. ಬೀಳುವುದು ಯಾವಾಗಲೂ ಹಗುರವಾದದ್ದು.

ಬ್ರಿಟನ್ನಿನ ಚಾನೆಲ್ 4ರಲ್ಲಿ 1990ರಿಂದ 1998ರವರೆಗೆ ಬಂದ 'ಡ್ರಾಪ್ ದಿ ಡೆಡ್ ಡಾಂಕಿ' ಸರಣಿಯ ಹೆಸರೇ ಇಂಥದೊಂದು ಕೂಗು: ಆ ಸತ್ತ ಕತ್ತೆಯ ಸುದ್ದಿ ಕೈಬಿಡಿ! ವಾರದ ನಿಜವಾದ ಸುದ್ದಿಗಳು ಸಂಭಾಷಣೆಯಲ್ಲಿ ಬರಲಿ ಎಂದು ಪ್ರಸಾರದ ಹಿಂದಿನ ದಿನವಷ್ಟೇ ಚಿತ್ರೀಕರಿಸುತ್ತಿದ್ದರು. ಅಲ್ಲಿನ ವರದಿಗಾರ ಡೇಮಿಯನ್ ಡೇ ಅನಾಹುತದ ಜಾಗಕ್ಕೆಲ್ಲ ಒಂದು ಕರಡಿ ಗೊಂಬೆ ಒಯ್ಯುತ್ತಾನೆ, ಅವಶೇಷಗಳ ನಡುವೆ ಇಟ್ಟು ಕರುಣಾಜನಕ ಶಾಟ್ ತೆಗೆಯಲು. ಸುದ್ದಿಯ ನೀತಿ ಕುರಿತ ಉದ್ದುದ್ದ ಭಾಷಣಗಳು ಮಾಡದ ಕೆಲಸವನ್ನು ಆ ಗೊಂಬೆ ಮಾಡಿತು.

ತಪ್ಪು ಹೇಗೆ ನುಸುಳುತ್ತದೆ

'ದಿ ವೈರ್' ಕಟ್ಟಿದ ಡೇವಿಡ್ ಸೈಮನ್ ಬಾಲ್ಟಿಮೋರ್ ಸನ್‌ನಲ್ಲೇ ವರದಿಗಾರರಾಗಿದ್ದವರು. ಐದನೇ ಸೀಸನ್ನಿನಲ್ಲಿ ಅವರು ಓದಿನ ಜಾಗಕ್ಕೆ ತಂದದ್ದು ತಪ್ಪಿನ ಭಯವನ್ನು. ನಗರ ವಿಭಾಗದ ಸಂಪಾದಕ ಗಸ್ ಹೇನ್ಸ್ ನಡುರಾತ್ರಿ ಎದ್ದು ಕೂರುತ್ತಾನೆ. ಬಂದರಿನ ವರದಿಯಲ್ಲಿ ಎರಡು ಅಂಕಿಗಳನ್ನು ತಾನು ಅದಲುಬದಲು ಮಾಡಿಬಿಟ್ಟೆನೇ? ಡೆಸ್ಕಿಗೆ ಫೋನ್ ಮಾಡಿ ನೋಡಿಸಿದರೆ ಎಲ್ಲ ಸರಿಯೇ ಇದೆ. ಡೆಸ್ಕಿನಲ್ಲಿ ಕೂತವರಿಗೆ ಈ ರಾತ್ರಿ ಚೆನ್ನಾಗಿ ಗೊತ್ತು. ಇನ್ನೊಂದು ಮಗ್ಗುಲಲ್ಲಿ ಟೆಂಪಲ್‌ಟನ್ ಎಂಬ ವರದಿಗಾರ ಇಲ್ಲದ ಮಾತುಗಳನ್ನು ಜನರ ಬಾಯಲ್ಲಿ ಇಟ್ಟು ಬರೆಯುತ್ತಿರುತ್ತಾನೆ. ಗಸ್ ಒಂದೊಂದನ್ನೇ ಪರಿಶೀಲಿಸುತ್ತಾ ಹೋಗುತ್ತಾನೆ. ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿಯ ಮೇಲೆ ಕಣ್ಣಿಟ್ಟಿರುವ ಮೇಲಿನವರಿಗೆ ಅದು ಬೇಡ. ಕೊನೆಗೆ ಸುಳ್ಳುಗಾರನಿಗೆ ಪ್ರಶಸ್ತಿ, ಗಸ್‌ಗೆ ಸುದ್ದಿಯ ಭಾಷೆ ತಿದ್ದುವ ಕಾಪಿ ಡೆಸ್ಕಿಗೆ ಹಿಂಬಡ್ತಿ.

ಸುದ್ದಿ ವಾಹಿನಿಯೊಂದರ ಕಥೆ ಹೇಳುವ 'ದಿ ನ್ಯೂಸ್‌ರೂಮ್' ಸರಣಿಯ ಭಾಷಣಗಳು ಅನೇಕರಿಗೆ ಬೇಸರ ತಂದಿವೆ, ತಕರಾರಿಲ್ಲ. ಆದರೆ 2013ರ ಎರಡನೇ ಸೀಸನ್ನಿನಲ್ಲಿ ಬರುವ 'ಜೆನೋವಾ' ಪ್ರಕರಣವನ್ನು ಪತ್ರಿಕೋದ್ಯಮದ ತರಗತಿಯಲ್ಲಿ ತೋರಿಸಬಹುದು. ಅಮೆರಿಕದ ಸೈನ್ಯ ನಿಷೇಧಿತ ವಿಷಾನಿಲ ಬಳಸಿತು ಎಂಬ ಸುದ್ದಿಗೆ ಹಲವು ಮೂಲಗಳಿವೆ, ತಿಂಗಳುಗಟ್ಟಲೆ ಪರಿಶೀಲನೆಯೂ ಆಗಿದೆ, ಆದರೂ ಸುದ್ದಿ ಸುಳ್ಳು. ಒಬ್ಬ ಸಾಕ್ಷಿಗೆ ಕೇಳಿದ ಪ್ರಶ್ನೆಯಲ್ಲೇ ಉತ್ತರ ಅಡಗಿತ್ತು. ಇನ್ನೊಬ್ಬನಿಗೆ ಮಿದುಳಿಗೆ ಪೆಟ್ಟಾಗಿ ನೆನಪು ನೆಚ್ಚುವಂತಿರಲಿಲ್ಲ. ಮತ್ತೊಬ್ಬ ಹಳೆಯ ಸೇಡಿಗೆ ದಾಖಲೆಯನ್ನೇ ಹುಟ್ಟಿಸಿ ಕೊಟ್ಟ. ಎಲ್ಲಕ್ಕಿಂತ ಕೆಟ್ಟದ್ದು, ನಿರ್ಮಾಪಕನೊಬ್ಬ ಸಂದರ್ಶನದ ವಿಡಿಯೋ ಕತ್ತರಿಸಿ ಅಧಿಕಾರಿಯ ಮಾತನ್ನೇ ತಿರುಚಿದ. ಸಿಕ್ಕಿಬಿದ್ದದ್ದು ಹೇಗೆ? ಸಂದರ್ಶನದ ಹಿಂದೆ ಟೀವಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟ ನಡೆಯುತ್ತಿತ್ತು. ಚೆಂಡೆಸೆಯಲು ಉಳಿದ ಸೆಕೆಂಡುಗಳನ್ನು ಎಣಿಸುವ ಅದರ ಶಾಟ್ ಕ್ಲಾಕ್‌ನ ಅಂಕಿ ಒಂದು ಕಡೆ ಹಾರಿತು. ಐದಾರು ಮೂಲಗಳಿದ್ದರೂ ಅವು ಒಂದನ್ನೊಂದು ಆತುಕೊಂಡಿದ್ದರೆ ಅದು ಒಂದೇ ಮೂಲ, ಕೆಲವೊಮ್ಮೆ ಸೊನ್ನೆ.

ಪುಸ್ತಕ ಪ್ರಕಾಶನದ ವಿಷಯದಲ್ಲಿ ಅಮೆರಿಕದ ಸರಣಿಗಳು ಅಷ್ಟು ಆಳಕ್ಕೆ ಇಳಿದಿಲ್ಲ. 2015ರಿಂದ 2021ರವರೆಗೆ ಬಂದ 'ಯಂಗರ್'ನಲ್ಲಿ ನಲವತ್ತರ ಹೆಂಗಸು ಇಪ್ಪತ್ತಾರರವಳೆಂದು ಹೇಳಿಕೊಂಡು ಪ್ರಕಾಶನ ಸಂಸ್ಥೆಯ ಸಹಾಯಕಿಯಾಗುತ್ತಾಳೆ. ಲವಲವಿಕೆಯ ಸರಣಿ. ಪುಸ್ತಕ ಬಿಡುಗಡೆಯ ಪಾರ್ಟಿಗಳು ಎಷ್ಟೋ, ಹಸ್ತಪ್ರತಿ ಕೈಯಲ್ಲಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದುವವರು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಆ ಕೊರತೆ ತುಂಬಿದ್ದು ಜಪಾನ್. 2016ರಲ್ಲಿ ನಿಪ್ಪಾನ್ ಟೀವಿಯ 'ಜಿಮಿ ನಿ ಸುಗೋಯ್' ಸರಣಿ ಕರಡು ತಿದ್ದುವವಳನ್ನೇ ನಾಯಕಿ ಮಾಡಿತು. ಫ್ಯಾಷನ್ ಪತ್ರಿಕೆಯ ಸಂಪಾದಕಿಯಾಗುವ ಕನಸಿನ ಕೋನೊ ಎತ್ಸುಕೋಗೆ ಸಿಗುವುದು ನೆಲಮಾಳಿಗೆಯ ಕರಡು ವಿಭಾಗ. ಜಪಾನಿನ ಈ ಕಸುಬಿನಲ್ಲಿ ಒಂದು ಶಿಸ್ತಿದೆ. ಖಚಿತವಾದ ತಪ್ಪಿಗೆ ಕೆಂಪು ಶಾಯಿ, ಅನುಮಾನಕ್ಕೆ ಪೆನ್ಸಿಲ್. ಕೆಂಪಿನಲ್ಲಿ ಬರೆದದ್ದು ತಿದ್ದುಪಡಿ. ಪೆನ್ಸಿಲಿನದು ಪ್ರಶ್ನೆ, ಒಪ್ಪುವುದು ಬಿಡುವುದು ಲೇಖಕರಿಗೆ ಸೇರಿದ್ದು. ಕಾದಂಬರಿಯ ಮೂರನೇ ಅಧ್ಯಾಯದಲ್ಲಿ ಹುಣ್ಣಿಮೆ, ಅದೇ ವಾರದ ಐದನೇ ಅಧ್ಯಾಯದಲ್ಲಿ ಅಮಾವಾಸ್ಯೆ ಎಂದು ಬಂದರೆ ಅಂಚಿನಲ್ಲಿ ಪೆನ್ಸಿಲ್ ಗುರುತು ಬೀಳುತ್ತದೆ. ಅಕ್ಷರ ನೋಡುವ ಓದು ಬೇರೆ, ಅರ್ಥ ನೋಡುವ ಓದು ಬೇರೆ. ಎರಡನ್ನೂ ಒಟ್ಟಿಗೆ ಮಾಡಹೊರಟರೆ ಕಥೆ ಓದುಗನನ್ನು ಎಳೆದುಕೊಂಡು ಹೋಗಿ ಅಕ್ಷರ ತಪ್ಪುತ್ತದೆ. ಎತ್ಸುಕೋ ಕಾದಂಬರಿಯ ಜಾಗಗಳಿಗೇ ಓಡಿಹೋಗಿ ಪರೀಕ್ಷಿಸುವುದು ಟೀವಿಯ ಉತ್ಪ್ರೇಕ್ಷೆ. ಕೆಲಸಕ್ಕೆ ಕಾಲು ಕೊಡದಿದ್ದರೆ ಕ್ಯಾಮೆರಾಗೆ ಏನೂ ಸಿಗದು, ಆದ್ದರಿಂದ ಇದನ್ನು ಮನ್ನಿಸಬಹುದು.

ಅದೇ ವರ್ಷ ಜಪಾನಿನದೇ ಟಿಬಿಎಸ್ ವಾಹಿನಿಯ 'ಜೂಹಾನ್ ಶುತ್ತಾಯ್' ಮಾರಾಟದ ಕಡೆ ನೋಡಿತು. ಹೆಸರಿನ ಅರ್ಥ ಮರುಮುದ್ರಣ ಬಂತು ಎಂದು. ಮಾಜಿ ಜೂಡೋ ಪಟು ಕುರೊಸಾವಾ ಮಾಂಗಾ (ಜಪಾನಿ ಚಿತ್ರಕಥೆ) ಪತ್ರಿಕೆಯ ಸಂಪಾದಕಿಯಾಗಿ ಸೇರುತ್ತಾಳೆ. ಮರುಮುದ್ರಣ ಜೂಜಿನಂಥದ್ದು. ಜಪಾನಿನಲ್ಲಿ ಮಾರಾಟವಾಗದ ಪುಸ್ತಕವನ್ನು ಅಂಗಡಿ ಮರಳಿಸಬಹುದು. ಹೆಚ್ಚು ಅಚ್ಚು ಹಾಕಿದರೆ ಗೋದಾಮಿಗೆ ವಾಪಸು, ಕಡಿಮೆ ಹಾಕಿದರೆ ಜನ ಕೇಳುತ್ತಿರುವ ವಾರದಲ್ಲೇ ಅಂಗಡಿ ಖಾಲಿ. ಮುದ್ರಣ ಮುಗಿಯುವಷ್ಟರಲ್ಲಿ ಕೇಳುವವರ ಬಿಸಿ ಆರಿರುತ್ತದೆ. ಆದ್ದರಿಂದಲೇ ಸರಣಿಯಲ್ಲಿ ಸಂಪಾದಕರಷ್ಟೇ ಜಾಗ ಅಂಗಡಿ ಅಂಗಡಿ ತಿರುಗುವ ಮಾರಾಟ ವಿಭಾಗದವನಿಗೂ ಸಿಕ್ಕಿದೆ. ಕೊರಿಯಾದ 2019ರ 'ರೊಮಾನ್ಸ್ ಈಸ್ ಎ ಬೋನಸ್ ಬುಕ್' ಕೂಡ ಇದೇ ಜಾಡಿನದು. ಅಲ್ಲಿನ ನಾಯಕಿ ಕೆಲಸ ಸಿಗಲೆಂದು ತನ್ನ ಪದವಿ, ಅನುಭವ ಎರಡನ್ನೂ ಮುಚ್ಚಿಡುತ್ತಾಳೆ.

ಈ ಸಾಲಿನಲ್ಲಿ ಎತ್ತರದ ಕೃತಿ ಶಿಯೋನ್ ಮಿಯುರಾ ಅವರ ಕಾದಂಬರಿ ಆಧರಿಸಿದ 'ಫುನೆ ಓ ಅಮು'. 2016ರಲ್ಲಿ ಅನಿಮೆ, ಅಂದರೆ ಜಪಾನಿ ಅನಿಮೇಷನ್ ಸರಣಿಯಾಗಿ, 2024ರಲ್ಲಿ ಎನ್‌ಎಚ್‌ಕೆ ವಾಹಿನಿಯಲ್ಲಿ ನಟರ ಸರಣಿಯಾಗಿ ಬಂತು. ಒಂದು ನಿಘಂಟು, ಅದಕ್ಕೆ ಹಿಡಿದ ವರ್ಷಗಳು ಹದಿನೈದು. ಕಾಗದದ್ದೇ ದೊಡ್ಡ ಚರ್ಚೆ: ತೆಳ್ಳಗಿರಬೇಕು, ಹಿಂಬದಿಯ ಅಕ್ಷರ ಕಾಣಬಾರದು, ಹಾಳೆ ಬೆರಳಿಗೆ ಅಂಟಿದಂತೆ ಬರಬೇಕು, ಆದರೆ ಎರಡು ಹಾಳೆ ಒಟ್ಟಿಗೆ ಏಳಬಾರದು. ನಾಲ್ಕನೇ ಕರಡಿನಲ್ಲಿ ಒಂದೇ ಒಂದು ಪದ ಬಿಟ್ಟುಹೋಗಿರುವುದು ಗೊತ್ತಾದಾಗ ಎಲ್ಲರೂ ಕಚೇರಿಯಲ್ಲೇ ಬೀಡುಬಿಟ್ಟು ಮೊದಲಿನಿಂದ ಎಲ್ಲ ಪದಗಳನ್ನೂ ಪರಿಶೀಲಿಸುತ್ತಾರೆ. ಒಂದು ಪದ ಜಾರಿದ್ದರೆ ಜಾರಿದ ದಾರಿ ಇನ್ನೂ ತೆರೆದೇ ಇದೆ ಎಂಬುದು ಅವರ ತರ್ಕ.

ಈಚಿನ ವರ್ಷಗಳ ಸರಣಿಗಳಲ್ಲಿ ಮುದ್ರಣವೇ ಕರಗುತ್ತಿದೆ. 2018ರ ಬಿಬಿಸಿ ಸರಣಿ 'ಪ್ರೆಸ್' ಎರಡು ದಿನಪತ್ರಿಕೆಗಳ ಪೈಪೋಟಿಯ ಕಥೆ. 2022ರಲ್ಲಿ ಹಿಂದಿಗೆ 'ದಿ ಬ್ರೋಕನ್ ನ್ಯೂಸ್' ಆಗಿ ಬಂದಾಗ ಎರಡೂ ಪತ್ರಿಕೆಗಳು ಸುದ್ದಿ ವಾಹಿನಿಗಳಾದವು. ಕ್ರೊಯೇಷಿಯಾದ 'ನೋವಿನೆ'ಯಲ್ಲಿ ಕಟ್ಟಡ ಉದ್ಯಮಿಯೊಬ್ಬ ಪತ್ರಿಕೆಯನ್ನೇ ಕೊಳ್ಳುತ್ತಾನೆ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ 'ದಿ ಪೇಪರ್'ನಲ್ಲಿ 'ಟೊಲೆಡೊ ಟ್ರೂತ್ ಟೆಲ್ಲರ್' ಎಂಬ ಪತ್ರಿಕೆಗೆ ಹೊಸ ಸಂಪಾದಕ ಬರುತ್ತಾನೆ. ವರದಿಗಾರರನ್ನು ನೇಮಿಸಲು ಹಣವಿಲ್ಲ, ಲೆಕ್ಕಪತ್ರದವರೂ ಪ್ರಸರಣ ವಿಭಾಗದವರೂ ಬಿಡುವಿನಲ್ಲಿ ಸುದ್ದಿ ಬರೆಯಲು ಮುಂದಾಗುತ್ತಾರೆ. ಪತ್ರಿಕೆಯ ಮಾಲೀಕ ಕಂಪನಿಗೆ ಇನ್ನೊಂದು ಕಾಗದದ ವ್ಯಾಪಾರವೂ ಇದೆ, ಕಚೇರಿಯ ಜಾಗವನ್ನು ಎರಡೂ ಹಂಚಿಕೊಂಡಿವೆ. ಅದು ಟಾಯ್ಲೆಟ್ ಪೇಪರ್.