ಓರ್, ಕಾಫಿ, ಮೆಕ್‌ಡೇವಿಡ್: ಯಾರ ಸ್ಕೇಟಿಂಗ್ ಒಂದು ಕೈ ಮೇಲು?

ಪ್ರಶ್ನೆ: ಐಸ್ ಹಾಕಿ ಕಂಡ ಅತ್ಯುತ್ತಮ ಸ್ಕೇಟರ್ ಯಾರು? ಹಳಬರನ್ನು ಕೇಳಿದರೆ ಬಾಬಿ ಓರ್ ಅನ್ನುತ್ತಾರೆ, ಈಗಿನವರು ಕಾನರ್ ಮೆಕ್‌ಡೇವಿಡ್ ಅನ್ನುತ್ತಾರೆ. ಬೇರೆ ಬೇರೆ ಕಾಲದವರನ್ನು ಹೋಲಿಸುವುದಾದರೂ ಹೇಗೆ?

ಉತ್ತರ: ಬರೀ ವೇಗದ ಮಾತಾದರೆ ಮೆಕ್‌ಡೇವಿಡ್, ಅನುಮಾನವೇ ಬೇಡ. ಆದರೆ ಸ್ಕೇಟಿಂಗ್ ಒಂದರಿಂದಲೇ ಇಡೀ ಪಂದ್ಯವನ್ನು ತನ್ನ ಹಿಡಿತಕ್ಕೆ ತಂದುಕೊಂಡವರು ಯಾರು ಅಂತ ಕೇಳಿದರೆ, ನನ್ನ ವೋಟು ಇವತ್ತಿಗೂ ಬಾಬಿ ಓರ್‌ಗೆ.

ಮೊದಲು ಗಡಿಯಾರದ ಲೆಕ್ಕ ನೋಡಿಬಿಡೋಣ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್, ಅದರ ತಾರಾ ಆಟಗಾರರು ಸೇರುವ ಆಲ್ ಸ್ಟಾರ್ ಸ್ಪರ್ಧೆಗಳಲ್ಲಿ ರಿಂಕ್ (ಐಸ್ ಅಂಕಣ) ಸುತ್ತ ಒಂದು ಸುತ್ತು ಹಾಕಿಸಿ ಸಮಯ ಅಳೆಯುತ್ತಾರೆ. 1996ರಲ್ಲಿ ಮೈಕ್ ಗಾರ್ಟ್‌ನರ್ 13.386 ಸೆಕೆಂಡಿನಲ್ಲಿ ಸುತ್ತಿದರು. ಆ ದಾಖಲೆ 20 ವರ್ಷ ನಿಂತಿತು. 2016ರಲ್ಲಿ ಡಿಲನ್ ಲಾರ್ಕಿನ್ 13.172 ಸೆಕೆಂಡಿಗೆ ಇಳಿಸಿದರು. ಆದರೆ ಗಾರ್ಟ್‌ನರ್ ನಿಂತಲ್ಲಿಂದ ಹೊರಟಿದ್ದರು, ಲಾರ್ಕಿನ್ ಗೆರೆಗೆ ಬರುವಷ್ಟರಲ್ಲಿ ಆಗಲೇ ವೇಗ ಹಿಡಿದಿದ್ದರು. ಒಂದೇ ಸ್ಪರ್ಧೆ, ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ. ಮೆಕ್‌ಡೇವಿಡ್ 2017, 2018, 2019 ಮೂರು ವರ್ಷವೂ ಗೆದ್ದರು. 2019ರಲ್ಲಿ ಅದೇ ಐಸ್ ಮೇಲೆ ಅಮೆರಿಕದ ಮಹಿಳಾ ತಂಡದ ಕೆಂಡಲ್ ಕಾಯ್ನ್ ಸ್ಕೋಫೀಲ್ಡ್ 14.346 ಸೆಕೆಂಡಿನಲ್ಲಿ ಸುತ್ತಿದರು. ಮೆಕ್‌ಡೇವಿಡ್‌ಗೂ ಅವರಿಗೂ ಇದ್ದ ಅಂತರ ಒಂದು ಸೆಕೆಂಡೂ ಇಲ್ಲ. ನೋಡುವಂಥ ಓಟ ಅದು.

ಆದರೆ ಆ ಸುತ್ತಿನಲ್ಲಿ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಇಲ್ಲ, ಅಡ್ಡ ಬರುವವರೂ ಇಲ್ಲ. ಕಬಡ್ಡಿ ರೈಡರ್ ಎಷ್ಟು ಚುರುಕು ಅಂತ ಅವನನ್ನು ನೂರು ಮೀಟರ್ ಓಡಿಸಿ ಹೇಳಲು ಆಗುತ್ತದಾ? ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಅದರೊಳಗೆ ಎರಡೂ ಕಡೆಯ ಹತ್ತು ಜನ ಓಡುತ್ತಿರುತ್ತಾರೆ, ಎರಡು ತುದಿಗೆ ಗೋಲ್‌ಕೀಪರ್‌ಗಳು. ಅಲ್ಲಿ ಬೇಕಾಗುವುದು ಬೇರೆ ವಿದ್ಯೆ.

ಮೆಕ್‌ಡೇವಿಡ್ ಪಾದಗಳನ್ನೇ ನೋಡಿ. ಹೆಚ್ಚಿನ ಆಟಗಾರರು ಪಕ್ ಸಿಕ್ಕಿ ರಿಂಕ್ ಮಧ್ಯಕ್ಕೆ ಬಂದಾಗ ಒಂದೆರಡು ಕ್ಷಣ ಕಾಲು ನಿಲ್ಲಿಸಿ ಸುಮ್ನೆ ಜಾರುತ್ತಾರೆ. ಕೈಗೂ ಕಣ್ಣಿಗೂ ಕೆಲಸ ಜಾಸ್ತಿ ಇರುತ್ತದಲ್ಲ, ಅದಕ್ಕೆ. ಮೆಕ್‌ಡೇವಿಡ್ ಅಲ್ಲೇ ಒಂದು ಕಾಲಿನ ಮೇಲೆ ಇನ್ನೊಂದನ್ನು ದಾಟಿಸುತ್ತಾ ಹೋಗುತ್ತಾರೆ. ಇದೇ ಕ್ರಾಸ್‌ಓವರ್. ಹೀಗೆ ಮಾಡಿದಾಗ ತಿರುಗುತ್ತಲೇ ವೇಗ ಏರುತ್ತದೆ. ಎದುರಿಗಿನ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಹಿಂದಕ್ಕೆ ಜಾರುತ್ತಾ ಇವರ ಮೇಲೆ ಕಣ್ಣಿಟ್ಟಿರುತ್ತಾನೆ. ಇವರು ಎಡಕ್ಕೋ ಬಲಕ್ಕೋ ಅವನಿಗೆ ಗೊತ್ತಾಗುವುದಿಲ್ಲ. ಕೊನೆಗೆ ಒಂದು ಕಡೆಗೆ ಸೊಂಟ ತಿರುಗಿಸಲೇಬೇಕು. ತಿರುಗಿಸಿದ ಕೂಡಲೇ ಇನ್ನೊಂದು ಕಡೆ ಬಾಗಿಲು ತೆರೆದಂತೆ. 2021ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ವಿರುದ್ಧ ನಾಲ್ವರ ನಡುವೆ ನುಗ್ಗಿ ಹೊಡೆದ ಗೋಲನ್ನು ನಿಧಾನಗತಿಯಲ್ಲಿ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಡಿಫೆನ್ಸ್‌ಮನ್ ಆಗಿದ್ದ ಪಾಲ್ ಕಾಫಿ ಇದಕ್ಕೆ ಪೂರ್ತಿ ಉಲ್ಟಾ. ಅವರದು ಕಡಿಮೆ ಹೆಜ್ಜೆ, ಉದ್ದ ಜಾರು. ಪಾದಕ್ಕಿಂತ ಚಿಕ್ಕ ಸೈಜಿನ ಸ್ಕೇಟ್‌ಗಳನ್ನು ಬಿಗಿಯಾಗಿ ಹಾಕಿಕೊಳ್ಳುತ್ತಿದ್ದರು. ಶ್ರಮವೇ ಕಾಣುತ್ತಿರಲಿಲ್ಲ, ಆದರೆ ಬೆನ್ನಟ್ಟಿದವರು ಹಿಂದೆಯೇ ಉಳಿಯುತ್ತಿದ್ದರು. 1985-86ರಲ್ಲಿ 48 ಗೋಲು ಹೊಡೆದರು. ಡಿಫೆನ್ಸ್‌ಮನ್ ಒಬ್ಬರು ಒಂದೇ ಸೀಸನ್‌ನಲ್ಲಿ ಹೊಡೆದ ಗೋಲುಗಳಲ್ಲಿ ಅಲ್ಲಿಯವರೆಗೆ ಅತಿ ಹೆಚ್ಚು ಅಂದರೆ 46. ಅದು ಓರ್ ಅವರದೇ ದಾಖಲೆ. ನೋಡಲು ಯಾರ ಸ್ಕೇಟಿಂಗ್ ಚೆಂದ ಅಂದರೆ ನಾನು ಕಾಫಿ ಹೆಸರನ್ನೇ ಹೇಳುತ್ತೇನೆ.

ಹಾಗಾದರೆ ಓರ್ ಯಾಕೆ? 1966ರಲ್ಲಿ 18ರ ಹುಡುಗ ಬಾಸ್ಟನ್ ಬ್ರೂಯಿನ್ಸ್‌ಗೆ ಬಂದಾಗ ಡಿಫೆನ್ಸ್‌ಮನ್ ಅಂದರೆ ಹಿಂದೆ ನಿಂತು ಕಾಯುವವನು. ಓರ್ ತಮ್ಮ ಗೋಲಿನ ಹಿಂದಿನಿಂದ ಪಕ್ ಎತ್ತಿಕೊಂಡು ಎದುರಾಳಿ ಗೋಲಿನವರೆಗೆ ಒಬ್ಬರೇ ಹೋಗುತ್ತಿದ್ದರು. ದೊಡ್ಡ ಮಾತು ಇರುವುದು ಇದರ ಮುಂದೆ. ದಾಳಿ ಕೈಕೊಟ್ಟರೂ, ಎದುರಾಳಿಗಿಂತ ಮೊದಲೇ ತಮ್ಮ ಜಾಗಕ್ಕೆ ವಾಪಸ್ ಬಂದಿರುತ್ತಿದ್ದರು. ಆ ಹಿಂತಿರುಗುವ ವೇಗದ ಮೇಲೆ ನಂಬಿಕೆ ಇದ್ದುದರಿಂದಲೇ ಅಷ್ಟು ಮುಂದೆ ಹೋಗುವ ಧೈರ್ಯ. ತಂಡದಲ್ಲಿ ಒಬ್ಬ ಪೆನಾಲ್ಟಿಗೆ ಹೊರಗೆ ಕೂತಿದ್ದಾಗ, ಪಕ್ ತಾವೇ ಇಟ್ಟುಕೊಂಡು ಸುತ್ತುತ್ತಾ ಸಮಯ ಕಳೆಯುತ್ತಿದ್ದರು. ಯಾರಿಗೂ ಹಿಡಿಯಲು ಆಗುತ್ತಿರಲಿಲ್ಲ. ಒಂದೇ ವೇಗದಲ್ಲಿ ಅವರು ಹೋಗುತ್ತಲೇ ಇರಲಿಲ್ಲ. ನಿಧಾನ ಮಾಡಿ, ಎದುರಿನವನು ಸಡಿಲವಾದ ತಕ್ಷಣ ಜಿಗಿದು ಹೋಗುತ್ತಿದ್ದರು.

ಲೆಕ್ಕವೂ ಇದನ್ನೇ ಹೇಳುತ್ತದೆ. ಲೀಗಿನಲ್ಲೇ ಅತಿ ಹೆಚ್ಚು ಪಾಯಿಂಟ್ (ಗೋಲು ಹೊಡೆದರೂ, ಹೊಡೆಯಲು ನೆರವಾದರೂ ಒಂದೊಂದು) ಗಳಿಸಿದವರಿಗೆ ಕೊಡುವ ಆರ್ಟ್ ರಾಸ್ ಟ್ರೋಫಿಯನ್ನು ಅವರು ಎರಡು ಸಲ ಗೆದ್ದರು, 1970ರಲ್ಲಿ ಮತ್ತು 1975ರಲ್ಲಿ. ಬೇರೆ ಯಾವ ಡಿಫೆನ್ಸ್‌ಮನ್‌ಗೂ ಅದು ಸಿಕ್ಕಿಲ್ಲ. 1970-71ರ ಅವರ ಪ್ಲಸ್-ಮೈನಸ್ (ಹೆಚ್ಚುಕಡಿಮೆ, ಅವರು ಐಸ್ ಮೇಲಿದ್ದಾಗ ತಂಡ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದ ಲೆಕ್ಕ) +124, ಅದನ್ನು ಇನ್ನೂ ಯಾರೂ ಮೀರಿಲ್ಲ. ಇಷ್ಟನ್ನೂ ಮೇಲಿಂದ ಮೇಲೆ ಆಪರೇಷನ್ ಆದ ಎಡ ಮಂಡಿ ಇಟ್ಟುಕೊಂಡು ಮಾಡಿದರು. 1978ರಲ್ಲಿ, 30ನೇ ವಯಸ್ಸಿಗೇ ಆಟ ಬಿಡಬೇಕಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕಾಲದ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಲ್ವಾ? ಇವತ್ತಿನ ಸ್ಕೇಟ್ ಹಗುರ, ಬೂಟು ಗಟ್ಟಿ. ಈಗ ಆಟಗಾರ ಮುಕ್ಕಾಲು ನಿಮಿಷದ ಆಸುಪಾಸು ಜೀವ ಬಿಟ್ಟು ಓಡಿ ಬೆಂಚಿಗೆ ಹೋಗುತ್ತಾನೆ. ಓರ್ ಅದಕ್ಕಿಂತ ಹೆಚ್ಚು ಹೊತ್ತು ಐಸ್ ಮೇಲೆ ಇರುತ್ತಿದ್ದರು, ಹಾಗಾಗಿ ಉಸಿರನ್ನೂ ಉಳಿಸಿಕೊಳ್ಳಬೇಕಿತ್ತು. ಇನ್ನೊಂದು ಕಡೆ, ಆಗಿನ ಎದುರಾಳಿಗಳು ಈಗಿನವರಷ್ಟು ಚುರುಕಾಗಿರಲಿಲ್ಲ. ಅದಕ್ಕೇ ನಾನು ಸೆಕೆಂಡು ಬಿಟ್ಟು, ತಮ್ಮ ಕಾಲದ ಬೇರೆಯವರಿಗಿಂತ ಎಷ್ಟು ಮುಂದಿದ್ದರು ಅಂತ ನೋಡುತ್ತೇನೆ.

ಓರ್ ಆಟದ ರುಚಿ ಈಗ ಬೇಕು ಅಂದರೆ ಕೊಲರಾಡೋದ ಕೇಲ್ ಮಕಾರ್ ಆಟ ನೋಡಿ. ಅವರೂ ಡಿಫೆನ್ಸ್‌ಮನ್. 2022ರ ಜನವರಿ 4ರಂದು ಷಿಕಾಗೋ ವಿರುದ್ಧ ಹೆಚ್ಚುವರಿ ಸಮಯದಲ್ಲಿ, ಮೈಗಂಟಿಕೊಂಡು ಬರುತ್ತಿದ್ದ ಎದುರಾಳಿಯನ್ನು ಒಂದೇ ತಿರುವಿನಲ್ಲಿ ಕಳಚಿ ಗೆಲುವಿನ ಗೋಲು ಹೊಡೆದರು. ಆ ವಿಡಿಯೋವನ್ನು ಎರಡು ಸಲ ನೋಡಿ: ಮೊದಲು ಪಕ್ ನೋಡುತ್ತಾ, ಆಮೇಲೆ ಬರೀ ಪಾದ ನೋಡುತ್ತಾ.